ಗ್ರಾನೈಟ್‌ನಲ್ಲಿ ಕೊರೆದ ಸುಳ್ಳು

ಕೂಗು ಕೇಳಿ ಪಕ್ಕದ ವರ್ಕ್‌ಶಾಪಿನವರು ಓಡಿ ಬಂದರು. ಮುಂಬಯಿ ಪಕ್ಕದ ರಬಾಳೆಯ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಪಾಳಿ ಆಗಷ್ಟೇ ಶುರುವಾಗಿತ್ತು. ಶೆಡ್ಡಿನ ಶಟರ್ ಪೂರ್ತಿ ಎದ್ದಿತ್ತು. ಒಳಗೆ ಕಾಂಕ್ರೀಟ್ ಕುಣಿಯ ಅಂಚಿನಲ್ಲಿ ಅಭಿಜಿತ್ ನಿಂತಿದ್ದ. ಯಾರೂ ಇಳಿಯದಂತೆ ತಡೆಯುತ್ತ ಅವನು ಕೆಳಗೆ ಬೆರಳು ತೋರಿಸುತ್ತಿದ್ದ.

"ಕೋಯಿ ನೀಚೆ ಮತ್ ಉತರೋ! ಗ್ಯಾಸ್ ಹೈ!"

ಎರಡಾಳು ಆಳದ ಕುಣಿ. ತಳದಲ್ಲಿ ದೊಡ್ಡದೊಂದು ಗ್ರಾನೈಟ್ ಬಂಡೆ. ಅದನ್ನು ತಬ್ಬಿಕೊಂಡಂತೆ ಹೃಷೀಕೇಶ ಬಿದ್ದಿದ್ದ. ಅಲ್ಲಿನ ಕಲ್ಲು ಕೊರೆಯುವ ಯಂತ್ರವನ್ನು ಕಂಡುಹಿಡಿದವನು ಅವನೇ. ಅಭಿಜಿತ್ ಅವನ ಪಾಲುದಾರ.

ಅಗ್ನಿಶಾಮಕದವರು ಬಂದು ದೇಹವನ್ನು ಮೇಲೆತ್ತಿದರು. ಕಾಲರಿಗೆ ಸಿಕ್ಕಿಸಿದ್ದ ಆಮ್ಲಜನಕದ ಅಲಾರಾಂ ಹಾಗೇ ಇತ್ತು. ಗೋಡೆಯ ಬಳಿ ನೈಟ್ರೋಜನ್ ಸಿಲಿಂಡರುಗಳ ವಾಲ್ವ್ ತೆರೆದಿತ್ತು. ಸಿಲಿಂಡರುಗಳು ಬರಿದಾಗಿದ್ದವು.

ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಟೆಕ್ನಿಷಿಯನ್ ಚೆನ್ನಯನನ್ನು ಹಿಡಿದರು. ಹಿಂದಿನ ಸಂಜೆ ವಾಲ್ವ್ ಮುಚ್ಚದೆ ಮನೆಗೆ ಹೋದನೆಂದು ಆರೋಪ. ನೈಟ್ರೋಜನ್ ಕುಣಿಯಲ್ಲಿ ತುಂಬಿತು, ಒಳಗಿದ್ದವನಿಗೆ ಉಸಿರು ಸಿಗಲಿಲ್ಲ. ನಿರ್ಲಕ್ಷ್ಯದಿಂದಾದ ಸಾವು. ಕೇಸು ಮುಗಿಯಿತು.

* * *

"ಅಕ್ಕ, ಅವರು ವಾಲ್ವ್ ಬಂದ್ ಮಾಡದೆ ಬರುವ ಜನವೇ ಅಲ್ಲ," ಎಂದಳು ಹರ್ಷಿತಾ, ಚೆನ್ನಯನ ಹೆಂಡತಿ. "ಮನೆಯಲ್ಲಿ ನಾನು ಆಫ್ ಮಾಡಿದ ಗ್ಯಾಸನ್ನೂ ಪುನಃ ಎದ್ದು ಹೋಗಿ ನೋಡ್ತಾರೆ."

ಕಳವಾ ಎಂಬಲ್ಲಿನ ಮನೆಯಿಂದ ಅವಳು ಸೀದಾ ಕೋಪರಿಗೆ ಬಂದಿದ್ದಳು. ಅಲ್ಲಿ ಅಪರ್ಣಾಳ ತಂದೆಯ ಉಡುಪಿ ಹೋಟೆಲ್ ಇತ್ತು. ಅಪರ್ಣಾ ಮುಂಬಯಿಯ ಕನ್ನಡ ಪತ್ರಿಕೆಯೊಂದರ ವರದಿಗಾರ್ತಿ. ಊರಿನವರಿಗೆ ಕಷ್ಟ ಬಂದರೆ ಅವರು ಹುಡುಕಿಕೊಂಡು ಬರುತ್ತಿದ್ದದ್ದು ಆ ಹೋಟೆಲಿಗೆ.

"ಪೊಲೀಸರು ನಿಮ್ಮನ್ನು ಎಂತ ಕೇಳಿದ್ರು?"

"ಎಂತದೂ ಇಲ್ಲ. ಕುಡೀತಾನಾ ಅಂತ ಮಾತ್ರ ಕೇಳಿದ್ರು. ಇಲ್ಲ ಅಂದೆ. ನಕ್ಕರು."

ಅಪರ್ಣಾಳಿಗೆ ಮೈ ಉರಿಯಿತು. ಮಾಲೀಕನನ್ನು ಹಿಡಿದರೆ ಕಾರ್ಖಾನೆ ನಿಲ್ಲುತ್ತದೆ. ಕೆಲಸದವನನ್ನು ಹಿಡಿದರೆ ಅವನ ಮನೆಯ ಒಲೆಯೊಂದು ನಿಲ್ಲುತ್ತದೆ, ಅಷ್ಟೆ. ಅದು ಯಾರಿಗೂ ಕಾಣಿಸುವುದಿಲ್ಲ.

ಅವಳು ಹೆಗಲಿಗೆ ಬ್ಯಾಗ್ ಏರಿಸಿದಳು.

* * *

ಇನ್‌ಸ್ಪೆಕ್ಟರ್ ಗಾವಂಡ ಕಡತದಿಂದ ತಲೆ ಎತ್ತಲಿಲ್ಲ.

"ಬಘಾ, ನೋಡಿ ಮ್ಯಾಡಮ್, ವಾಲ್ವ್ ತೆರೆದಿತ್ತು. ಕೊನೆಗೆ ಅದನ್ನು ಮುಟ್ಟಿದ್ದು ಚೆನ್ನಯ. ಇನ್ನೇನು ಬೇಕು?"

"ಅಲಾರಾಂ ಇತ್ತಲ್ಲ ಸರ್? ಆಮ್ಲಜನಕ ಕಮ್ಮಿಯಾದರೆ ಕಿರುಚಬೇಕಿತ್ತು."

"ಕೆಟ್ಟಿತ್ತು."

"ಪರೀಕ್ಷೆ ಮಾಡಿಸಿದ್ರಾ?"

"ಮನುಷ್ಯ ಸತ್ತಿದ್ದಾನೆ. ಅದಕ್ಕಿಂತ ದೊಡ್ಡ ಪರೀಕ್ಷೆ ಬೇಕೆ?"

ಅವಳು ಅಲ್ಲಿಂದ ಶೆಡ್ಡಿಗೆ ಹೋದಳು. ಅಭಿಜಿತ್ ಒಳಗೆ ಕರೆದು ಕೂರಿಸಿದ. ಬೆಂಗಳೂರಿನವನು. ಹಣಕಾಸಿನ ಕೆಲಸ ಬಿಟ್ಟು ಹೃಷೀಕೇಶನ ಜೊತೆ ಸೇರಿದ್ದ. ಕಣ್ಣು ಕೆಂಪಗಿತ್ತು. ಮಾತು ಮಾತ್ರ ನಯವಾಗಿತ್ತು.

"ಹೃಷಿ ನನಗೆ ಅಣ್ಣ ಇದ್ದ ಹಾಗೆ ಮೇಡಂ. ಭೂಮಿಯ ಆಳದಲ್ಲಿ ಇಡೀ ದೇಶಕ್ಕೆ ಸಾಕಾಗೋ ಶಾಖ ಇದೆ ಅಂತಿದ್ದ. ನೀರು ಇಳಿಸಿದ್ರೆ ಹಬೆ, ಹಬೆಯಿಂದ ಕರೆಂಟು. ಕಲ್ಲಿದ್ದಲು ಬೇಡ, ಹೊಗೆ ಇಲ್ಲ. ಮಧ್ಯೆ ಇರೋದು ಗಟ್ಟಿ ಕಲ್ಲು ಒಂದೇ. ವಜ್ರದ ಬಿಟ್ ಕೂಡ ಸವೆದು ಹೋಗುತ್ತೆ. ಇವನ ಯಂತ್ರ ಕಲ್ಲನ್ನ ಮುಟ್ಟೋದೇ ಇಲ್ಲ. ಸೂಜಿ ಥರ ಉರಿ ಬಿಟ್ಟು ಕಲ್ಲು ಸಿಡಿಯೋ ಹಾಗೆ ಮಾಡುತ್ತೆ. ಆ ಚೂರು ಊದಿ ತೆಗೆಯೋಕೆ ನೈಟ್ರೋಜನ್."

"ವಿದೇಶದವರಿಗೆ ತೋರಿಸಿದ್ರಂತೆ?"

"ಹೋದ ತಿಂಗಳು. ಅವ್ರ ಕಪ್ಪಿನಲ್ಲಿದ್ದ ಚಹಾ ಆರೋದ್ರೊಳಗೆ ಬಂಡೆಗೆ ಈ ಕಡೆಯಿಂದ ಆ ಕಡೆಗೆ ತೂತು! ಕಂಪನಿ ಕೊಂಡ್ಕೊಳ್ತೀವಿ ಅಂತ ಅಲ್ಲೇ ಒಪ್ಪಿದ್ರು."

"ದೇಹವನ್ನು ಮೊದಲು ನೋಡಿದ್ದು ನೀವು. ಕೆಳಗೆ ಇಳಿದ್ರಾ?"

"ಇಲ್ಲ, ಇಳೀಲೇ ಇಲ್ಲ. ಮೇಲಿಂದ ನೋಡಿ ಫೋನ್ ಮಾಡ್ದೆ. ಅವನನ್ನ ನಾನು ಮುಟ್ಟಲೂ ಇಲ್ಲ, ಆ ಪುಣ್ಯ ಕೂಡ ಇರಲಿಲ್ಲ." ಅವನು ಮುಖ ಒರೆಸಿಕೊಂಡ. "ಒಂದು ಮಾತು. ಇಲ್ಲಿ ವಿಶಾಲ್ ಅಂತ ಒಬ್ಬ ಇಂಜಿನಿಯರ್ ಇದ್ದ. ಡಿಸೈನ್ ಕದಿಯೋಕೆ ನೋಡಿದ್ದಕ್ಕೆ ತೆಗೆದುಹಾಕಿದ್ವಿ. ಹೃಷಿ ಸತ್ತ ದಿನವೇ ಅವನ ಜೊತೆ ಜಗಳ ಆಡಿದ್ದಾನೆ. ಬರೀಬೇಕಾದ್ರೆ ಅದನ್ನ ಬರೀರಿ."

ಅಪರ್ಣಾ ಕುಣಿಗೆ ಬಗ್ಗಿ ನೋಡಿದಳು. ಖಾಲಿಯಾಗಿತ್ತು.

"ಬಂಡೆ?"

"ಮಾರನೇ ದಿನವೇ ಕಳಿಸಿಬಿಟ್ಟೆ. ಅದನ್ನ ನೋಡೋ ಶಕ್ತಿ ಇರಲಿಲ್ಲ."

ಹೊರಗೆ ಕಾಂಪೌಂಡಿನ ಬದಿಯಲ್ಲಿ ಹಳೆಯ ಪ್ರಯೋಗದ ಕಲ್ಲುಗಳು ಬಿದ್ದಿದ್ದವು. ಒಂದೊಂದರಲ್ಲೂ ಒಂದೊಂದು ತೂತು. ಅಪರ್ಣಾ ಒಂದರೊಳಗೆ ಕೈ ಹಾಕಿದಳು. ಒಳಗೆಲ್ಲ ಒರಟು. ಬೆರಳು ತಾಗಿದಲ್ಲಿ ಚಕ್ಕೆ ಎದ್ದುಬಂತು. ಉರಿ ತಾಗಿದ ಕಡೆ ಕಲ್ಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಯಾವ ತೂತೂ ಗೇಣಿಗಿಂತ ಆಳಕ್ಕೆ ಹೋಗಿರಲಿಲ್ಲ.

* * *

ವಿಶಾಲ್ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕಿದ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅಪರ್ಣಾಳ ಕನ್ನಡಕ್ಕೆ ಅರ್ಧ ಹಿಂದಿಯಲ್ಲಿ ಉತ್ತರ ಕೊಟ್ಟ.

"ಝಗಡಾ ಆಯ್ತು, ಸಹೀ ಬಾತ್. ಕದ್ದಿದ್ದು ವಗೈರೆ ಸಬ್ ಬಕ್ವಾಸ್, ಪೂರಾ ಸುಳ್ಳು."

"ಜಗಳ ಯಾಕೆ?"

ವಿಶಾಲ್ ಫೋನ್ ತೆಗೆದ. ವಿದೇಶಿಯರಿಗೆ ಯಂತ್ರ ತೋರಿಸಿದ ದಿನದ ವಿಡಿಯೊ. ಚಿತ್ರವನ್ನು ಹಿಗ್ಗಿಸಿದ. ಬಂಡೆಯ ತೂತು ಕಂಡಿತು. ಅಂಚು ಬಳೆಯಷ್ಟು ದುಂಡಗಿತ್ತು. ಒಳಗೋಡೆ ಹೊಳೆಯುತ್ತಿತ್ತು.

"ಆಗ್ ಸೇ ಐಸಾ ಹೋಲ್ ಬನ್ತಾ ಹೈ ಕ್ಯಾ? ಬೆಂಕಿ ಅಲ್ಲ ಇದು, ದುಂಡಗೆ ಕೊರೆಯೋ ಕೋರ್ ಕಟರ್ ಕೆಲ್ಸ. ಮೊದ್ಲೇ ಕೊರೆದು, ಸಿಮೆಂಟ್ ಭರ್ತಿ ಮಾಡಿ, ಮೇಲೆ ಕಲ್ಲಿನ ಪುಡಿ ಬಳಿದಿದ್ದಾರೆ. ಮಷಿನ್ ಬರೀ ಆ ಸಿಮೆಂಟ್ ಉಡಾಯಿಸ್ತು."

"ಹೃಷೀಕೇಶರೇ ಮಾಡಿಸಿದ್ರಾ?"

"ಸರ್? ನಹೀಂ ನಹೀಂ!" ಅವನ ದನಿ ಏರಿತು. "ಬಂಡೆ ತರಿಸಿದ್ದು ಅಭಿಜಿತ್. ಸರ್‌ಗೆ ಖುಷಿಯಲ್ಲಿ ಏನೂ ಕಾಣಲಿಲ್ಲ. ನಾನು ತೋರಿಸಿದಾಗ ಮೊದ್ಲು ನನ್ ಮೇಲೇ ಚಿಲ್ಲಾಯೇ, ಕೂಗಾಡಿದ್ರು. ಆಮೇಲೆ ವಿಡಿಯೊ ಮತ್ತೆ ಮತ್ತೆ ನೋಡಿದ್ರು. 'ಅಭಿಜಿತ್‌ನ ಕೇಳ್ತೀನಿ. ಸಂಜೆ ಇಳಿದು ಕೈ ಹಾಕಿ ನೋಡ್ತೀನಿ. ನಿಜ ಆದ್ರೆ ನಾಳೆನೇ ಅವರಿಗೆ ಹೇಳಿಬಿಡ್ತೀನಿ' ಅಂದ್ರು."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಬೋಲಾ ನಾ, ಹೇಳಿದೆ! ಯಾರೂ ಬರ್ಕೊಳ್ಳಲಿಲ್ಲ."

* * *

ಹೃಷೀಕೇಶನ ಹೆಂಡತಿ ಸಂಜನಾ ಕಲ್ಯಾಣ ಊರಿನ ಮನೆಯಲ್ಲಿದ್ದಳು. ಪೊಲೀಸರು ಕೊಟ್ಟ ಪ್ಲಾಸ್ಟಿಕ್ ಚೀಲ ಮೇಜಿನ ಮೇಲೆ ಬಿಚ್ಚದೆಯೇ ಬಿದ್ದಿತ್ತು.

"ಅವರೇ ಅಜಾಗರೂಕರಾಗಿದ್ರು ಅಂತಾರೆ. ಕೆಟ್ಟ ಅಲಾರಾಂ ಹಾಕ್ಕೊಂಡು ಇಳಿದ್ರಂತೆ," ಎಂದಳು. ಮೈಸೂರಿನ ಮೆದು ಮಾತು, ಆದರೆ ಒಳಗೆ ಕೆಂಡವಿತ್ತು. "ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅದರ ಬಾಯಿಗೆ ಊದೋರು. ನಾವು ಬಿಡೋ ಉಸಿರಲ್ಲಿ ಆಮ್ಲಜನಕ ಕಮ್ಮಿ, ಅದಕ್ಕೇ ಕಿರುಚುತ್ತೆ. ಎದುರು ಮನೆಯವರು ಬೈಯೋರು. ಆವತ್ತೂ ಕಿರುಚಿತ್ತು. ರಾತ್ರಿ ಬರದಿದ್ದಾಗ ಶೆಡ್ಡಲ್ಲೇ ಕೆಲಸ ಮಾಡ್ತಿದ್ದಾರೆ ಅಂದ್ಕೊಂಡೆ."

"ನಾನೊಮ್ಮೆ ನೋಡಲಾ?"

ಸಂಜನಾಳೇ ಚೀಲ ಬಿಚ್ಚಿದಳು. ಅಲಾರಾಮಿನ ಗುಂಡಿ ಒತ್ತಿದಳು. ಅದರ ಪುಟ್ಟ ಜಾಲರಿಗೆ ದೀರ್ಘವಾಗಿ ಉಸಿರು ಊದಿದಳು.

ಕಿವಿ ಹರಿಯುವಂತೆ ಕಿರುಚಿತು.

ಅದು ಕೆಟ್ಟಿರಲಿಲ್ಲ. ಬೆಳಿಗ್ಗೆ ಸರಿಯಿತ್ತು, ಈಗಲೂ ಸರಿಯಿದೆ. ಸಾಯುವ ಹೊತ್ತಿಗೆ ಮಾತ್ರ ಮೂಕವಾಗಿತ್ತು.

ಅಪರ್ಣಾ ಅದನ್ನು ಕರವಸ್ತ್ರದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದಳು. ಜಾಲರಿಯ ಎರಡು ಬದಿಯಲ್ಲೂ ಅಂಟು. ಅದರ ಮೇಲೆ ಬೂದು ಬಣ್ಣದ ಕಲ್ಲಿನ ಧೂಳು ಕೂತಿತ್ತು. ಧೂಳಿನಲ್ಲಿ ಸಣ್ಣ ಸಣ್ಣ ಗೆರೆಗಳು.

"ಸಂಜನಾ, ಇದಕ್ಕೆ ಅವರು ಸೆಲ್ಲೋಟೇಪ್ ಹಚ್ಚುತ್ತಿದ್ರಾ?"

"ಟೇಪಾ? ಅಲಾರಾಮಿನ ಬಾಯಿಗಾ? ಹುಚ್ಚಾ ನಿಮಗೆ?"

* * *

ಸುತ್ತಲಿನ ಊರುಗಳಿಗೆ ಗ್ರಾನೈಟ್ ಬರುತ್ತಿದ್ದದ್ದು ಶಿಳಫಾಟಾದಿಂದ. ಅಲ್ಲಿ ರಸ್ತೆಯುದ್ದಕ್ಕೂ ಕಲ್ಲಿನ ಅಂಗಡಿಗಳು. ಅಪರ್ಣಾ ಒಂದೊಂದನ್ನೇ ಹೊಕ್ಕು ವಿಡಿಯೊದಲ್ಲಿದ್ದ ಬಂಡೆ ತೋರಿಸಿದಳು. ಸಂಜೆಯಾಗುತ್ತಿದ್ದಾಗ ಒಬ್ಬ ಹೆಂಗಸು ಫೋನ್ ಕೈಗೆ ತೆಗೆದುಕೊಂಡಳು. ಚಂದವ್ವ, ಇಳಕಲ್ಲಿನವಳು. ಆ ಯಾರ್ಡಿನ ಒಡತಿ.

"ಇದು ನಂದs ಕಲ್ರೀ. ತೂತು ಹಾಕಿದ್ದೂ ನಮ್ಮ ಮಷಿನ್ನs."

"ಯಾರು ಹಾಕಿಸಿದ್ದು?"

"ಅಭಿಜಿತ್ ಸಾಹೇಬ್ರು. ಕಂಬಾ ನಿಲ್ಲಸಾಕ ಬೇಕಂದ್ರು. ಆಮ್ಯಾಲ ಕಂಬಾ ಬ್ಯಾಡಾ, ತೂತು ಕಾಣದಂಗ ಮುಚ್ಚಿ ಕೊಡ್ರಿ ಅಂದ್ರು. ಮುಚ್ಚಿ ಕೊಟ್ಟೆ. ಮೊನ್ನೆ ಕಲ್ಲು ವಾಪಸ್ ಬಂತು. ಅವತ್ತs ಹೋಳು ಮಾಡ್ರಿ, ನಾ ನಿಂತು ನೋಡತೀನಿ ಅಂತ ಗಂಟುಬಿದ್ರು. ಬ್ಲೇಡ್ ಮುರದಿತ್ತು, ಆಗಲಿಲ್ಲ. ಅಲ್ಲೇ ಬಿದ್ದೈತಿ ನೋಡ್ರಿ."

ಬಂಡೆ ಮೂಲೆಯಲ್ಲಿತ್ತು. ಅಪರ್ಣಾ ತೂತಿನೊಳಗೆ ತೋಳು ಇಳಿಸಿದಳು. ಗಾಜಿನಂಥ ನುಣುಪು. ಒಂದು ಕಡೆ ಸಿಮೆಂಟಿನ ಚೂರು ಇನ್ನೂ ಕಚ್ಚಿಕೊಂಡಿತ್ತು.

"ಯಾಕ್ರಿ, ಏನಾತು?"

ಅಪರ್ಣಾ ಹೇಳಿದಳು. ಚಂದವ್ವ ತಲೆಯ ಮೇಲಿನ ಸೆರಗು ಬಿಗಿದುಕೊಂಡಳು.

"ನನ್ನ ಕೈಲೆ ಮಾಡಿಸಿದ್ನಲ್ರೀ ಆ ಹಾಳಾದಾಂವ! ಎಲ್ಲಿ ಬೇಕು ಅಲ್ಲಿ ಬಂದು ಹೇಳತೀನಿ, ನಡೀರಿ."

* * *

ಗಾವಂಡನ ಮೇಜಿನ ಮೇಲೆ ಅಪರ್ಣಾ ಅಲಾರಾಂ ಇಟ್ಟಳು.

"ಊದಿ ಸರ್."

ಅವನು ಬೇಸರದಿಂದಲೇ ಬಗ್ಗಿ ಊದಿದ. ಅದರ ಕಿರುಚಾಟಕ್ಕೆ ಇಡೀ ಪೊಲೀಸ್ ಸ್ಟೇಷನ್ ಎದ್ದು ನಿಂತಿತು. ಇನ್‌ಸ್ಪೆಕ್ಟರನ ಮುಖದ ಬಣ್ಣ ಇಳಿಯಿತು.

"ಇಷ್ಟನ್ನು ಮಾಡುವುದಕ್ಕೆ ನಿಮಗೆ ಒಂದು ಉಸಿರು ಸಾಕಿತ್ತು," ಎಂದಳು ಅಪರ್ಣಾ. "ಅದನ್ನು ಉಳಿಸಿಕೊಂಡದ್ದಕ್ಕೆ ಒಬ್ಬ ನಿರಪರಾಧಿ ನಿಮ್ಮ ಕಸ್ಟಡಿಯಲ್ಲಿದ್ದಾನೆ."

ಜಾಲರಿಯ ಅಂಟಿನಲ್ಲಿದ್ದ ಬೆರಳ ಗೆರೆಗಳನ್ನು ತೋರಿಸಿದಳು. ಗಾವಂಡ ಆ ಅಂಟನ್ನು ಪ್ರಯೋಗಾಲಯಕ್ಕೆ ಕಳಿಸಿದ.

* * *

ವಾಶಿಯ ಸಭಾಂಗಣದಲ್ಲಿ ಅಭಿಜಿತ್ ಶ್ರದ್ಧಾಂಜಲಿ ಸಭೆ ಇಟ್ಟಿದ್ದ. ಹೃಷೀಕೇಶನ ಫೋಟೊಗೆ ಮಲ್ಲಿಗೆ ಹಾರ. ಮೊದಲ ಸಾಲಿನಲ್ಲಿ ವಿದೇಶಿ ಕಂಪನಿಯವರು.

"ಅವನ ಕನಸನ್ನು ನಾನು ಮುಂದುವರಿಸುತ್ತೇನೆ," ಎಂದ ಅಭಿಜಿತ್. "ಒಬ್ಬ ಕೆಲಸಗಾರನ ನಿರ್ಲಕ್ಷ್ಯಕ್ಕೆ ಅವನು ಬಲಿಯಾದ."

ಅಪರ್ಣಾ ಎದ್ದು ನಿಂತಳು.

"ಆ ಅಲಾರಾಮನ್ನು ನೀವು ಎಂದಾದರೂ ಮುಟ್ಟಿದ್ದೀರಾ?"

"ಇಲ್ಲ. ಯಾಕೆ ಮುಟ್ಟಲಿ?"

"ಹಾಗಾದರೆ ಅದರ ಅಂಟಿನಲ್ಲಿ ನಿಮ್ಮ ಹೆಬ್ಬೆರಳ ಗುರುತು ಹೇಗೆ ಬಂತು? ನೀವು ಪೊಲೀಸರಿಗೆ ಸಹಿ ಮಾಡಿ ಕೊಟ್ಟ ಹೇಳಿಕೆಯ ಹಾಳೆಯಲ್ಲೂ ಅದೇ ಗುರುತಿದೆ."

ಮೊದಲ ಸಾಲಿನವರು ತಿರುಗಿ ನೋಡಿದರು. ಅಪರ್ಣಾ ನಿಲ್ಲಿಸಲಿಲ್ಲ.

"ಯಂತ್ರ ನಿಧಾನವಾಗಿತ್ತು. ಕೊಳ್ಳುವವರಿಗೆ ವೇಗ ಬೇಕಿತ್ತು. ನೀವು ಶಿಳಫಾಟಾದಲ್ಲಿ ಬಂಡೆ ಕೊರೆಸಿ, ತೂತು ಮುಚ್ಚಿಸಿ ತಂದಿರಿ. ವಿಶಾಲ್ ಅದನ್ನು ಹೃಷೀಕೇಶರಿಗೆ ತೋರಿಸಿದ. ಅವರು ನಿಮ್ಮನ್ನು ಕೇಳಿದರು. ಸಂಜೆ ತೂತಿಗೆ ಕೈ ಹಾಕಿ ನೋಡುತ್ತಾರೆ, ನಾಳೆ ಎಲ್ಲರಿಗೂ ಹೇಳುತ್ತಾರೆ ಎಂದು ನಿಮಗೆ ಗೊತ್ತಾಯಿತು. ಆಫೀಸಿನಲ್ಲಿದ್ದ ಅಲಾರಾಮಿನ ಬಾಯಿಗೆ ಪಾರದರ್ಶಕ ಟೇಪ್ ಅಂಟಿಸಿದಿರಿ. ಬೆಳಿಗ್ಗೆ ಊದಿ ನೋಡಿದ್ದ ಅವರು ಸಂಜೆ ಪುನಃ ನೋಡಲಿಲ್ಲ. ಚೆನ್ನಯ ವಾಲ್ವ್ ಮುಚ್ಚಿ ಮನೆಗೆ ಹೋದ. ಹೃಷೀಕೇಶ ಕುಣಿಗೆ ಇಳಿದರು. ನೀವು ವಾಲ್ವ್ ತೆರೆದಿರಿ."

"ಸುಳ್ಳು!"

"ಟೇಪ್ ಹಾಗೇ ಇದ್ದರೆ ಪೊಲೀಸರಿಗೆ ಕಾಣುತ್ತಿತ್ತು. ಬೆಳಿಗ್ಗೆ ಗಾಳಿ ತಿಳಿಯಾದ ಮೇಲೆ ಕೆಳಗೆ ಇಳಿದು ಅದನ್ನು ಕಿತ್ತಿರಿ. ಉಳಿದ ಅಂಟಿಗೆ ನಿಮ್ಮ ಬೆರಳು ತಾಗಿತು. ಆಮೇಲೆ ಹತ್ತಿ ಬಂದು ಕೂಗಿಕೊಂಡಿರಿ. ಮಾರನೇ ದಿನ ಬಂಡೆಯನ್ನು ಹೋಳು ಮಾಡಿಸಲು ಓಡಿದಿರಿ."

ಹಿಂದಿನ ಸಾಲಿನಿಂದ ಚಂದವ್ವ ಎದ್ದಳು. "ಇಂವನs ನೋಡ್ರಿ ತೂತು ಹಾಕಿಸಿದಾಂವ!"

ಬಾಗಿಲಲ್ಲಿದ್ದ ಗಾವಂಡ ಮುಂದೆ ಬಂದ. ಅಭಿಜಿತ್ ಕುರ್ಚಿ ಹಿಡಿದುಕೊಂಡ.

"ಡೆಮೋ ಎಲ್ಲರೂ ಹೀಗೇ ಮಾಡ್ತಾರೆ! ದುಡ್ಡು ಬಂದ ಮೇಲೆ ಯಂತ್ರ ಸರಿ ಮಾಡ್ಕೋಬಹುದಿತ್ತು. ಅವನು ಹಟ ಹಿಡಿದ."

ಸಂಜನಾ ಎದ್ದು ಅವನೆದುರು ಹೋಗಿ ನಿಂತಳು.

"ಆ ಹಟ ನಂಬಿಯೇ ಅಲ್ವಾ ನೀವು ಪಾಲುದಾರರಾಗಿದ್ದು? ಉಸಿರು ಕಟ್ಟಿ ಸಾಯೋವಾಗ ನೀವೆಲ್ಲಿ ನಿಂತಿದ್ರಿ? ಮೇಲಿಂದ ನೋಡ್ತಿದ್ರಾ?"

ಅಭಿಜಿತ್ ಬಾಗಿಲಿನತ್ತ ತಿರುಗಿದ. ಗಾವಂಡ ಅವನ ತೋಳು ಹಿಡಿದು ಹೊರಗೆ ನಡೆಸಿದ.

* * *

ಚೆನ್ನಯ ಬಿಡುಗಡೆಯಾದ. ಯಾರೂ ಅವನ ಕ್ಷಮೆ ಕೇಳಲಿಲ್ಲ. ಗಾವಂಡ ಅವನ ಮೊಬೈಲನ್ನು ವಾಪಸು ಕೊಟ್ಟ, ಅಷ್ಟೆ.

ಕೆಲವು ದಿನಗಳ ನಂತರ ಸಂಜನಾ ಶೆಡ್ ತೆರೆಸಿದಳು. ವಿಶಾಲ್ ಬಂದ. ಅಪರ್ಣಾಳನ್ನೂ ಕರೆದಿದ್ದಳು.

"ಅವರ ಯಂತ್ರ ನಿಜವಾಗಿ ಏನು ಮಾಡ್ತಿತ್ತು ಅಂತ ನಾನು ನೋಡಬೇಕು," ಎಂದಳು.

ಚೆನ್ನಯ ಹೊಸ ಬಂಡೆಯೊಂದನ್ನು ಅಂಗಳದ ಬಯಲಿನಲ್ಲಿ ಇಡಿಸಿದ. ಉರಿ ಹಚ್ಚಿದ. ಕಲ್ಲು ಚಟಚಟ ಸಿಡಿಯತೊಡಗಿತು. ಎಲ್ಲರೂ ಕಾದರು. ಚಹಾ ಬಂತು, ಆರಿತು. ಎರಡನೇ ಸಲವೂ ಬಂತು. ಅವನು ಯಂತ್ರ ನಿಲ್ಲಿಸಿದಾಗ ತೂತು ನಾಲ್ಕು ಬೆರಳಿನಷ್ಟೂ ಇಳಿದಿರಲಿಲ್ಲ.

"ಇಷ್ಟೇ ಮೇಡಂ," ಎಂದ ಚೆನ್ನಯ. "ಇಷ್ಟೇ ಆಗುದು. ಇನ್ನೂ ಕೆಲಸ ಉಂಟು ಅಂತ ಹೇಳ್ತಿದ್ರು. ಇದನ್ನು ಇದ್ದ ಹಾಗೆ ಹೇಳ್ಲಿಕ್ಕೆ ಹೊರಟದ್ದಕ್ಕೆ ಅವರನ್ನು ಕೊಂದ್ರು."

ಕಲ್ಲು ತಣಿಯುವವರೆಗೂ ಸಂಜನಾ ಅದರ ಪಕ್ಕದಲ್ಲೇ ಕೂತಳು. ಆಮೇಲೆ ಆ ಒರಟು ಕುಳಿಯೊಳಗೆ ನಿಧಾನವಾಗಿ ಬೆರಳಿಟ್ಟಳು. ತುಂಬ ಹೊತ್ತು ತೆಗೆಯಲಿಲ್ಲ.