ಬೂದಿ ಮಲಗಲಿಲ್ಲ

"ಬಿಡೇ ಬೂದಿ! ಕಸಬರಿಗಿ ಬಿಡೇ!"

ಗಾಯತ್ರಿ ಹಿಡಿಯ ಕಡೆಯಿಂದ ಎಳೆದಳು. ಕಡ್ಡಿಗಳ ತುದಿ ಬೂದಿಯ ಬಾಯಲ್ಲಿತ್ತು. ಬೂದಿ ಅಂದರೆ ಅವರ ಮನೆಯ ದೊಡ್ಡ ಹೆಣ್ಣು ಹಂದಿ. ಬೂದಿ ಬಣ್ಣದ ಮೈ, ನೆಲಕ್ಕೆ ತಾಗುವಂಥ ಹೊಟ್ಟೆ. ಎಳೆದಾಟದಲ್ಲಿ ನಾಲ್ಕು ಕಡ್ಡಿ ಅದರ ಪಾಲಾದವು. ಅದು ಅವನ್ನು ಶೆಡ್ಡಿನ ಮೂಲೆಗೆ ಒಯ್ದು, ಅಲ್ಲಿದ್ದ ಗುಡ್ಡೆಗೆ ಸೇರಿಸಿ, ಮೂತಿಯಿಂದ ಒತ್ತಿತು.

ಆ ಗುಡ್ಡೆ ನೋಡಿದರೇ ಗಾಯತ್ರಿಗೆ ಸಿಟ್ಟು. ಭತ್ತದ ಹುಲ್ಲು, ಒಣಗಿದ ಬಾಳೆಲೆ, ಹರಿದ ಗೋಣಿಚೀಲ, ಅಪ್ಪ ಹುಡುಕುತ್ತಿದ್ದ ಟವೆಲ್ಲು ಎಲ್ಲವೂ ಅದರಲ್ಲಿದ್ದವು. ಹುಲ್ಲು, ಎಲೆಗಳನ್ನು ಅಜ್ಜಿ ಗುರುವಾರ ಬಂಡ್ರಿಗೆ, ಅತ್ತೆಯ ಮನೆಗೆ ಹೊರಡುವ ಮುಂಚೆ ಶೆಡ್ಡಿನೊಳಗೆ ಎಸೆದು ಹೋಗಿದ್ದಳು. ಉಳಿದದ್ದನ್ನು ಬೂದಿಯೇ ಬಾಗಿಲ ಸಂದಿಯಿಂದ ಎಳೆದುಕೊಂಡಿತ್ತು.

ನಾಳೆ ಶನಿವಾರ. ಬೆಳಗಿನ ಸ್ಕೂಲ್ ಮುಗಿಸಿ ಗೆಳತಿ ಜ್ಯೋತಿಲಕ್ಷ್ಮಿ ಮನೆಗೆ ಬರುತ್ತಾಳೆ. ಐದನೇ ಕ್ಲಾಸಿಗೆ ಬಂದರೂ ಗಾಯತ್ರಿಯ ಮನೆಗೆ ಕ್ಲಾಸಿನವರು ಒಬ್ಬರೂ ಬಂದಿರಲಿಲ್ಲ.

"ನಿಮ್ಮ ಹಂದಿ ನೋಡಾಕ ಬರ್ತೀನಿ. ಆದ್ರ ಭಾಳ ವಾಸನಿ ಇರ್ತೈತಂತಲ್ಲ?" ಎಂದು ಅವಳು ಕೇಳಿದ್ದಳು.

"ಯಾರು ಹೇಳಿದ್ರು? ನಮ್ಮಪ್ಪ ಸಿಮೆಂಟ್ ಶೆಡ್ ಕಟ್ಟ್ಯಾನ. ನಿಮ್ಮ ಮನಿಗಿಂತ ಕ್ಲೀನ್ ಐತಿ, ಬಂದು ನೋಡು," ಎಂದುಬಿಟ್ಟಿದ್ದಳು ಗಾಯತ್ರಿ.

ಹಾಗೆ ಹೇಳಿದ ಮೇಲೆ ಕ್ಲೀನ್ ಮಾಡಲೇಬೇಕಲ್ಲ. ಗುಡ್ಡೆಯನ್ನೆಲ್ಲ ಬುಟ್ಟಿಗೆ ತುಂಬಿ, ಶೆಡ್ಡಿನ ಹಿಂದಿನ ತಿಪ್ಪೆಗೆ ಸುರಿದಳು. ನಾಲ್ಕು ಕೊಡ ನೀರು ಹಾಕಿ ತಿಕ್ಕಿದಳು. ಕಡೆಗೆ ಫಿನಾಯಿಲ್ ಚೆಲ್ಲಿದಳು. ನೆಲ ಫಳಫಳ ಹೊಳೆಯಿತು.

ಬೂದಿ ಮಾತ್ರ ಸುಮ್ಮನಿರಲಿಲ್ಲ. ಆ ಗೋಡೆಯಿಂದ ಈ ಗೋಡೆಗೆ ತಿರುಗಿತು. ಮುಂಗಾಲಿನಿಂದ ಬರೀ ಸಿಮೆಂಟನ್ನು ಕೆರೆಯಿತು. ಬಾಗಿಲ ಕಬ್ಬಿಣದ ಸರಳು ಕಚ್ಚಿತು.

"ಏನ್ ಬೇಕು ನಿನಗ? ಇಷ್ಟು ಚಂದ ಮಾಡೀನಿ!"

ಬೂದಿ ಮರಿ ಹಾಕುತ್ತದೆ ಎಂಬುದು ಗಾಯತ್ರಿಗೆ ಗೊತ್ತಿತ್ತು. ಯಾವಾಗ ಎಂಬುದು ಮಾತ್ರ ಗೊತ್ತಿರಲಿಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಕೇಳುವಂತಿರಲಿಲ್ಲ, ಹೇಳುವಂತೆಯೂ ಇರಲಿಲ್ಲ. ಕೇಳಿದರೆ ಅಜ್ಜಿ ತುಟಿಯ ಮೇಲೆ ಬೆರಳಿಡುತ್ತಿದ್ದಳು. "ಬಾಯಾಗ ತರಬ್ಯಾಡ. ಕಣ್ಣು ಬೀಳ್ತಾವು."

ಸಂಜೆ ಅಪ್ಪ ಗಾದಿಲಿಂಗ ಕೆಲಸ ಮುಗಿಸಿ ರೈಸ್‌ಮಿಲ್‌ನಿಂದ ಬಂದ. ಮೈಯೆಲ್ಲ ತೌಡು. ಶೆಡ್ಡಿನ ಕಡೆ ನೋಡದೆ, ಉಂಡು ಮಲಗಿದ.

* * *

ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಕಾಲುವೆಯ ದಾರಿ ಹಿಡಿದು ಬಂದರು. ಜ್ಯೋತಿಲಕ್ಷ್ಮಿಯ ಕೈಯಲ್ಲಿ ಬಿಸ್ಕೆಟ್ ಪ್ಯಾಕೆಟ್ ಇತ್ತು.

"ಹಂದಿ ಬಿಸ್ಕೆಟ್ ತಿಂತೈತೇನೇ?"

"ಪ್ಯಾಕೆಟ್ ಸಮೇತ ತಿಂತೈತಿ! ನಿನ್ನ ಕೈ ಉಳಿಸ್ಕೋ ಮೊದಲು," ಎಂದು ಗಾಯತ್ರಿ ನಕ್ಕಳು.

ಅಷ್ಟರಲ್ಲಿ ಕೀರಲು ಸದ್ದು ಕೇಳಿತು. ಗಾಯತ್ರಿ ಓಡಿದಳು.

ಮರಿಗಳು! ಅಂಗೈಯಷ್ಟುದ್ದದ, ತಿಳಿಗೆಂಪು ಮರಿಗಳು. ಒಂದು ಕ್ಷಣ ಅವಳಿಗೆ ಕುಣಿಯಬೇಕು ಅನ್ನಿಸಿತು. ಆಮೇಲೆ ಸರಿಯಾಗಿ ನೋಡಿದಳು. ಗೋಡೆಯ ಬುಡದಲ್ಲಿ ಮೂರು ಅಲುಗಾಡದೆ ಬಿದ್ದಿದ್ದವು. ನಿನ್ನೆಯ ನೀರು ಇನ್ನೂ ಆರದ ಒದ್ದೆ ನೆಲದ ನಡುವೆ ಎರಡು ಚಪ್ಪಟೆಯಾಗಿದ್ದವು. ಬಾಗಿಲ ಹತ್ತಿರ ಇನ್ನೊಂದು. ಮೂರು ಮಾತ್ರ ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು.

"ಸತ್ತಾವೇನೇ?" ಜ್ಯೋತಿಲಕ್ಷ್ಮಿ ಹಿಂದೆ ಸರಿದಳು. "ತಾಯಿ ಆಗಿ ತನ್ನ ಮರೀನ ತಾನ ತುಳೀತಾ? ಥೂ! ನಾನು ಮನಿಗೆ ಹೋಗ್ತೀನಿ."

ಅವಳು ಹೋದದ್ದು ಗಾಯತ್ರಿಗೆ ತಿಳಿಯಲೇ ಇಲ್ಲ.

ಸುದ್ದಿ ಕೇಳಿ ಅಪ್ಪ ಮಿಲ್‌ನಿಂದ ಸೈಕಲ್ ಮೇಲೆ ಬಂದ. ಬಾಗಿಲಲ್ಲಿ ನಿಂತು ಸತ್ತ ಮರಿಗಳನ್ನು ಎಣಿಸಿದ. ಗಾಯತ್ರಿಯ ಅಮ್ಮನಿಗೆ ಫೋನ್ ಮಾಡೋಣವೆಂದರೆ ಅವಳು ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಡ್ಯೂಟಿ ಮೇಲಿದ್ದಳು. ಅಪ್ಪ ಹಂದಿ ಕೊಳ್ಳುವ ಅಂದಾನಪ್ಪನಿಗೆ ಫೋನ್ ಮಾಡಿದ.

"ಅಣ್ಣ, ನಾಳಿ ಗಾಡಿ ತಗೊಂಡು ಬಾ. ಈ ಹಂದಿ ಒಯ್ದು ಬಿಡು. ಮರಿ ಮ್ಯಾಲ ಬೀಳೋ ಹಂದಿ ಇಟ್ಕೊಂಡು ಏನು ಮಾಡ್ಲಿ?"

ಅಂದಾನಪ್ಪ ಒಯ್ದ ಹಂದಿಗಳು ತಿರುಗಿ ಬರುವುದಿಲ್ಲ. ಅವು ಎಲ್ಲಿಗೆ ಹೋಗುತ್ತವೆ ಎಂಬುದು ಗಾಯತ್ರಿಗೂ ಗೊತ್ತಿತ್ತು.

ಸತ್ತ ಮರಿಗಳನ್ನು ಅಪ್ಪ ಬುಟ್ಟಿಯಲ್ಲಿ ಹಾಕಿಕೊಂಡು ಹಿಂದಕ್ಕೆ ನಡೆದ. ಸಲಿಕೆ ಹಿಡಿದು ಗಾಯತ್ರಿಯೂ ಹೋದಳು. ಅಪ್ಪ ಗುಂಡಿ ತೋಡುವಾಗ ಅವಳು ಒಂದು ಮರಿಯನ್ನು ಮುಟ್ಟಿದಳು. ಕಾಲುವೆಯ ಕಲ್ಲಿನ ಹಾಗೆ ತಣ್ಣಗಿತ್ತು.

ಪಕ್ಕದ ತಿಪ್ಪೆಯ ಮೇಲೆ ಅವಳು ನಿನ್ನೆ ಸುರಿದ ಹುಲ್ಲು ಬಿದ್ದಿತ್ತು. ಅದರಲ್ಲೊಂದು ಕೋಳಿ ಕೂತಿತ್ತು. ಅದು ಎದ್ದುಹೋದ ಮೇಲೆ ಗಾಯತ್ರಿ ಹುಲ್ಲಿನೊಳಗೆ ಕೈ ಇಟ್ಟಳು. ಬೆಚ್ಚಗಿತ್ತು. ಬಾಳೆಲೆಗಳು ಒಂದಕ್ಕೊಂದು ಹೆಣೆದ ಹಾಗೆ ಅಂಟಿಕೊಂಡಿದ್ದವು. ಮೆತ್ತನೆಯ ಹುಲ್ಲು ಮೇಲಿತ್ತು, ಒರಟು ಗೋಣಿ ಅಡಿಯಲ್ಲಿತ್ತು. ಬೂದಿಗೆ ಇದನ್ನು ಯಾರೂ ಕಲಿಸಿರಲಿಲ್ಲ.

ಗಾಯತ್ರಿ ಕೈ ಹಿಂದೆ ತೆಗೆದುಕೊಂಡಳು.

ಶೆಡ್ಡಿಗೆ ಮರಳಿದಾಗ ಬೂದಿ ನಿಂತೇ ಇತ್ತು. ಮೊಲೆಗಳು ಬಿಗಿದುಕೊಂಡಿದ್ದವು. ಕೆಳಗೆ ಮರಿಗಳು ಹಸಿದು ಕಿರುಚುತ್ತಿದ್ದವು. ಬೂದಿ ಮುಂಗಾಲು ಮಡಚಿತು. ಹಿಂಗಾಲು ಒದ್ದೆ ನೆಲದ ಮೇಲೆ ಜಾರಿತು. ಒಂದು ಮರಿ ಚೀರಿದ್ದೇ ತಡ, ಬೂದಿ ಧಡಕ್ಕನೆ ಎದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಮಡಚಿತು. ಮತ್ತೆ ಎದ್ದಿತು.

"ನೋಡು, ಹಾಲೂ ಕೊಡವಲ್ದು," ಎಂದ ಅಪ್ಪ. "ಕಲ್ಲು ಮನಸಿಂದು."

"ಅಲ್ಲಪ್ಪ. ಅದಕ್ಕ ಹೆದರಿಕಿ ಆಗೈತಿ."

"ಯಾರ ಹೆದರಿಕಿ?"

"ಮಲಗಾಕ ಹೆದರಿಕಿ. ಅದು ಹಾಸಿಗಿ ಮಾಡ್ಕೊಂಡಿತ್ತು. ನಾನು ಅದನ್ನ ಕಸ ಅಂದ್ಕೊಂಡು..." ಗಾಯತ್ರಿ ತಿಪ್ಪೆಯ ಕಡೆ ಕೈ ತೋರಿಸಿದಳು. "ತಿಪ್ಪಿಗೆ ಒಗದೆ. ನೀರು ಹಾಕ್ದೆ. ಫಿನಾಯಿಲ್ ಹಾಕ್ದೆ. ಅದು ಕಸಬರಿಗಿ ಕಚ್ಚಿ ಎಳದು ಕೇಳ್ತು, ನಾನು ಕೊಡ್ಲಿಲ್ಲ."

ಅಪ್ಪ ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಅವಳು ಕಣ್ಣು ಮುಚ್ಚಿ ನಿಂತಳು. ಅಪ್ಪ ಹೊಡೆಯಲಿಲ್ಲ. ಒದ್ದೆ ನೆಲವನ್ನೇ ನೋಡುತ್ತಾ ಕುಕ್ಕರುಗಾಲಲ್ಲಿ ಕುಳಿತ. ಹೊಡೆದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಆಮೇಲೆ ಅವನು ಫೋನ್ ತೆಗೆದ. "ಅಂದಾನಪ್ಪಣ್ಣ, ನಾಳಿ ಬರಬ್ಯಾಡ... ಹಾಂ. ತಪ್ಪು ಹಂದೀದಲ್ಲ."

* * *

ನಾಲ್ಕೂವರೆ ಬಸ್ಸಿಗೆ ಅಜ್ಜಿ ಎಲ್ಲಮ್ಮ ಬಂದಳು. ಅಪ್ಪ ಎಲ್ಲವನ್ನೂ ಹೇಳಿದ. ಅಜ್ಜಿ ಕೈಚೀಲ ಕೆಳಗಿಟ್ಟು ಗಾಯತ್ರಿಯ ಮುಖ ನೋಡಿದಳು.

"ನಾನರ ಒಂದ್ ಮಾತು ಹೇಳಿ ಹೋಗಬೇಕಿತ್ತು," ಎಂದಳು. "ಕಣ್ಣು ಬೀಳ್ತಾವು ಅಂತ ಬಾಯಿ ಮುಚ್ಕೊಂಡು ಹೋದೆ."

ಅಷ್ಟರಲ್ಲಿ ಇನ್ನೊಂದು ಮರಿಯೂ ಕಿರುಚುವುದನ್ನು ನಿಲ್ಲಿಸಿತ್ತು. ಅಜ್ಜಿ ಅದನ್ನು ಸೆರಗಲ್ಲಿ ತಿಕ್ಕಿದಳು, ಬಾಯಿಗೆ ಉಸಿರು ಊದಿದಳು. ಅದು ಏಳಲಿಲ್ಲ.

ಗಾಯತ್ರಿ ಮೊಣಕಾಲೂರಿ, ಗೋಣಿಯಿಂದ ನೆಲ ಒರೆಸಿದಳು. ಒಣಗುವವರೆಗೂ ಒರೆಸಿದಳು. ಅಪ್ಪ ಹೊಸ ಹುಲ್ಲು ತಂದು ಬೂದಿಯ ಮುಂದೆ ಹಾಕಿದ. ಬೂದಿ ಮೂಸಿ ನೋಡಿ ಸುಮ್ಮನೆ ನಿಂತಿತು. ಒಂದು ಕಡ್ಡಿಯನ್ನೂ ಕಚ್ಚಲಿಲ್ಲ.

"ಯಾಕಜ್ಜಿ? ನಿನ್ನೆ ಕಸಬರಿಗೀನೂ ಬಿಡ್ಲಿಲ್ಲ!"

"ಮರಿ ಹಾಕೋ ಮುಂಚೆ ಅಷ್ಟ ಅದಕ್ಕ ಆ ಹುಚ್ಚು. ಈಗ ನೀ ಬಂಡಿ ಹುಲ್ಲು ಹಾಕಿದ್ರೂ ಕಟ್ಟಂಗಿಲ್ಲ."

ಅಜ್ಜಿಯೇ ಹುಲ್ಲು ಹರಡಿದಳು. ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿದರು.

ಕಬ್ಬಿನ ಗದ್ದೆಗಳ ಆಚೆ ಬಿಸಿಲು ಇಳಿಯುತ್ತಿತ್ತು. ಬೂದಿ ಮೂತಿಯಿಂದ ಎರಡು ಮರಿಗಳನ್ನೂ ಮೆಲ್ಲಗೆ ಪಕ್ಕಕ್ಕೆ ತಳ್ಳಿತು. ಮುಂಗಾಲು ಮಡಚಿ, ಹಾಗೇ ತಡೆದು ಕಿವಿಗೊಟ್ಟಿತು. ಬೂದಿ ಗೋಡೆಗೆ ಮೈ ಒರಗಿಸಿಕೊಂಡು ಸ್ವಲ್ಪ ಸ್ವಲ್ಪವೇ ಇಳಿಯಿತು. ಹುಲ್ಲಿನ ಸದ್ದಾಯಿತು. ಯಾವ ಮರಿಯೂ ಚೀರಲಿಲ್ಲ.

ಆಮೇಲೆ ಅದು ಕರೆಯತೊಡಗಿತು. ಗುರ್, ಗುರ್, ಗುರ್, ಒಂದೇ ಸಮನೆ. ಎರಡು ಮರಿಗಳು ತೆವಳಿ ಬಂದು ಎರಡು ಮೊಲೆ ಹಿಡಿದವು. ಉಳಿದ ಮೊಲೆಗಳಿಂದ ಹಾಲು ಹುಲ್ಲಿಗೆ ತೊಟ್ಟಿಕ್ಕಿತು.

ಬೂದಿ ತಲೆ ಎತ್ತಿ, ಉಳಿದ ಮರಿಗಳನ್ನು ಹುಡುಕುವ ಹಾಗೆ ಆ ಕಡೆ ಈ ಕಡೆ ನೋಡಿತು. ಮತ್ತೆ ಕರೆಯಿತು.

"ಒಳಗ ಬಾ ಗಾಯತ್ರಿ," ಎಂದ ಅಪ್ಪ. "ಎಷ್ಟೊತ್ತು ಕೇಳ್ಕೊಂತ ಕುಂದ್ರತಿ?"

ಗಾಯತ್ರಿ ಏಳಲಿಲ್ಲ. ಕಿವಿ ಮುಚ್ಚಿಕೊಳ್ಳಲೂ ಇಲ್ಲ. ಬೂದಿ ಕರೆಯುವುದನ್ನು ನಿಲ್ಲಿಸುವವರೆಗೂ ಬಾಗಿಲ ಬಳಿಯೇ ಕುಳಿತಿದ್ದಳು.