ಮುರುಮು ನುಂಗುವ ಜಾಗ

1957ರ ಡಿಸೆಂಬರ್ 9, ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ಸೋಲಾಪುರ ತಾಲೂಕಿನ ಪೊಲೀಸ್ ಠಾಣೆಗೆ ಮಿಲಿಟರಿ ವಿಮಾನ ನೆಲೆಯ ಓವರ್ಸಿಯರ್ ಪಾಟಸ್ಕರ ಬಂದ. ಹಿಂದೆ ಇಬ್ಬರು ಜವಾನರು, ಅವರ ನಡುವೆ ಕೂಲಿ ಗ್ಯಾಂಗಿನ ಮುಕದ್ದಮ್ ಹುಲೆಪ್ಪ. ಹುಲೆಪ್ಪನ ಕೈಗೆ ಹಗ್ಗ ಬಿಗಿದಿದ್ದರು. ಫೌಜದಾರ ಮಲಕಾಜಪ್ಪ ಮೊದಲು ಹಗ್ಗ ಬಿಚ್ಚಿಸಿದ. ಆಮೇಲೆ ಪಾಟಸ್ಕರನಿಗೆ ಕುರ್ಚಿ ತೋರಿಸಿದ.

“ಕಟ್ಟೋದು ನಮ್ಮ ಕೆಲಸ. ನೀವು ತಕ್ರಾರು ಹೇಳ್ರಿ.”

ತಕರಾರು ಇಷ್ಟು. ನೆಲೆಯ ರನ್‌ವೇ ಯುದ್ಧಕಾಲದಲ್ಲಿ ಅವಸರಕ್ಕೆ ಹಾಕಿದ್ದು. ಈ ಮಳೆಗಾಲಕ್ಕೆ ಅಲ್ಲಲ್ಲಿ ಬಾಯಿ ಬಿಟ್ಟಿತ್ತು. ದೀಪಾವಳಿ ಆದಮೇಲೆ ದುರಸ್ತಿ ಶುರುವಾಯಿತು. ಕೆಟ್ಟ ಜಾಗವನ್ನು ಅಗೆದು, ಮುರುಮು ಎಂಬ ಗರಸು ಮಣ್ಣು ತುಂಬಿ, ಜಲ್ಲಿ ಹಾಕಿ, ರೋಲರ್ ಓಡಿಸಿ, ಡಾಂಬರು ಹೊಡೆದರು. ಎಲ್ಲ ಕಡೆ ಗಟ್ಟಿ ಕೂತಿತು. ಪಶ್ಚಿಮದ ತುದಿಯ ಒಂದೇ ಒಂದು ಜಾಗ ಕೂರಲಿಲ್ಲ. ಮೂರು ಸಲ ತುಂಬಿದರು, ಮೂರು ಸಲವೂ ಕುಸಿಯಿತು. ಬರುವ ಶನಿವಾರ ಪುಣೆಯಿಂದ ತಪಾಸಣೆಯ ವಿಮಾನ ಇಳಿಯಬೇಕು. ಅದರ ಗಾಲಿ ಆ ಹೊಂಡಕ್ಕೆ ಬಿದ್ದರೆ ಒಳಗಿದ್ದವರು ಉಳಿಯುವುದಿಲ್ಲ.

“ಈ ಮನಷ್ಯಾ ಮುರುಮು ಹಾಕೇ ಇಲ್ಲ, ಬಘಾ, ನೋಡ್ರಿ ಫೌಜದಾರ ಸಾಹೇಬ,” ಎಂದ ಪಾಟಸ್ಕರ. “ಮಾರ್ಕೊಂಡಾನ. ಮ್ಯಾಲ ಡಾಂಬರ ಬಳದು ಕೈ ತೊಳಕೊಂಡಾನ. ಇದು ಬರೇ ಕಳವು ಅಲ್ಲ, ದೇಶಕ್ಕ ದ್ರೋಹ.”

ಹವಾಲ್ದಾರ ಸಾಯಬಣ್ಣ ಎಫ್‌ಐಆರ್ ಬರೆದ. ಸದ್ಯಕ್ಕೆ ಕಳವಿನ ಕಲಂ. ವಿಮಾನ ಕೆಡವುವ ಉದ್ದೇಶ ಇತ್ತೆಂದು ಸಿದ್ಧವಾದರೆ ಹುಲೆಪ್ಪನ ಅರ್ಧ ಆಯುಷ್ಯ ಜೈಲಿನಲ್ಲಿ ಕಳೆಯುತ್ತದೆ. ಮರವಡೆ ಊರಿಂದ ಬುಟ್ಟಿ ಹೊರಲು ಬಂದವನು, ಹೋದ ವರ್ಷ ತನ್ನ ಕೇರಿಯವರ ಜೊತೆ ಬೌದ್ಧ ದೀಕ್ಷೆ ತೆಗೆದುಕೊಂಡವನು, ಈ ವರ್ಷ ಮುಕದ್ದಮ್ ಆದವನು. ಇಂಥವನ ಮೇಲೆ ಬೆರಳು ತೋರಿಸುವುದು ಎಲ್ಲರಿಗೂ ಸುಲಭ. ಮಲಕಾಜಪ್ಪನಿಗೆ ಸುಲಭದ ಬೆರಳು ಕಂಡರೆ ಸಿಟ್ಟು ಬರುತ್ತಿತ್ತು.

“ಮುರುಮು ಹಾಕಿದ್ಯೋ ಇಲ್ಲೋ?”

“ಹಾಕೀನ್ರಿ.”

“ರೋಲರ್ ಓಡಿಸಿದ್ಯಾ?”

“ಎಲ್ಲಾ ಕಡಿ ಓಡ್ಸೀನ್ರಿ.”

“ಆ ಜಾಗಾದಾಗ?”

ಹುಲೆಪ್ಪ ನೆಲ ನೋಡಿದ. “ಅಲ್ಲಿ ಕೈಲೆ ಗುದ್ದಿಸೀನ್ರಿ. ದಮ್ಮಸಿನಿಂದ.”

“ಯಾಕ?”

“ಹಂಗ ಅನಿಸ್ತು.”

ಮಲಕಾಜಪ್ಪ ಮೇಜು ಗುದ್ದಿದ. ಮಸಿ ಬಾಟಲಿ ಉರುಳಿತು. “ಸರಕಾರ ರೋಲರ್ ಕೊಟ್ಟದ, ನಿನಗ ಹಂಗ ಅನಿಸ್ತು? ಯಾರ್ನ ಮುಚ್ಚಾಕತ್ತಿ?”

ಹುಲೆಪ್ಪ ಬಾಟಲಿ ಎತ್ತಿ ನೆಟ್ಟಗೆ ಇಟ್ಟ. ಅವನನ್ನು ಕಸ್ಟಡಿಗೆ ಹಾಕಿದರು.

ಮಧ್ಯಾಹ್ನ ಅವನ ಹೆಂಡತಿ ತುಳಜಾಬಾಯಿ ರೊಟ್ಟಿ ಕಟ್ಟಿಕೊಂಡು ಬಂದಳು. ಅಳಲಿಲ್ಲ. ಹವಾಲ್ದಾರನ ಎದುರಿಗೆ ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಮುರುಮು ಕದ್ದಿದ್ರ ಮೊದಲ ನನ್ನ ಮನಿ ನೆಲಕ್ಕ ಬೀಳ್ತಿತ್ತು, ಹವಾಲ್ದಾರ್ರ. ಬಂದು ನೋಡ್ರಿ. ಕೋಳಿ ಕೆದರಿ ಕೆದರಿ ಒಲಿ ಸೊಟ್ಟ ಆಗ್ಯಾದ.”

“ನೋಡೋದ ನಮ್ಮ ಕೆಲಸ, ಬಾಯಿ.”

“ಹಂಗಾರ ನೋಡ್ರಿ. ಕೂತು ಕೂತು ನಿಮ್ಮ ಸೊಂಟದ ಬಿಲ್ಲೆ ಪಟ್ಟಾ ಬಿಗಿ ಆಗಾಕತ್ತದ.”

ಸಾಯಬಣ್ಣ ಹೋಗಿ ನೋಡಿದ. ಒಲೆ ನಿಜಕ್ಕೂ ಸೊಟ್ಟಗಿತ್ತು. ಬರುವಾಗ ಮುರುಮಿನ ಖಣಿಗೂ ಹೋಗಿ, ಗಾಡಿ ಹೊಡೆಯುವವರನ್ನು ಒಬ್ಬೊಬ್ಬರನ್ನಾಗಿ ಬೇರೆ ಬೇರೆ ಕೇಳಿದ. ಎಲ್ಲರದೂ ಒಂದೇ ಮಾತು: ಆ ಜಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಗಾಡಿ ಹೋಗಿವೆ, ಕಣ್ಣೆದುರೇ ಸುರಿದಿದ್ದೇವೆ.

“ಕದ್ದಿಲ್ಲ ಅಂದ್ರ ಹೋತೆಲ್ಲಿ?” ಎಂದ ಮಲಕಾಜಪ್ಪ.

“ಕೆಳಗ ಹೋಗಿರಬೇಕ್ರಿ ಸಾಹೇಬ್ರ.”

“ಕೆಳಗ ಏನದ?”

ಮಂಗಳವಾರ ಹನ್ನೊಂದು ಗಂಟೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೋದರು. ರನ್‌ವೇಯ ಕರಿ ಮೈ ಮೇಲೆ ಹೊಂಡ ಎದ್ದು ಕಾಣುತ್ತಿತ್ತು. ಮಳೆನೀರು ಕೆಡಿಸಿದ ಜಾಗಕ್ಕೆ ಆಕಾರ ಇರುವುದಿಲ್ಲ. ಇದು ನಾಲ್ಕು ಮೂಲೆ ಹಿಡಿದು ಇಳಿದಿತ್ತು.

“ಅಗೀರಿ,” ಎಂದ ಫೌಜದಾರ.

“ಶನಿವಾರ ವಿಮಾನ ಅದ ಸಾಹೇಬ,” ಎಂದು ಪಾಟಸ್ಕರ ಅಡ್ಡ ಬಂದ. “ಇನ್ನೂ ದೊಡ್ಡದ ಮಾಡತೀರೇನು?”

“ಮುಚ್ಚಿ ಮುಚ್ಚಿ ಮೂರು ಸಲ ನೋಡೀರಿ. ಒಮ್ಮೆ ತಗದು ನೋಡೂಣು. ಸರೀರಿ ಆ ಕಡಿ.”

ಸೊಂಟದಾಳಕ್ಕೆ ಮುರುಮು ಮುಗಿದು ಎರೆಮಣ್ಣು ಬಂತು. ಕೆದಕಿದ ಮಣ್ಣು, ಸಡಿಲ. ಗುದ್ದಲಿಗೆ ಬಿಳಿಯ ಗಟ್ಟಿಯೊಂದು ಸಿಕ್ಕಿತು. ಸಾಯಬಣ್ಣ ಸುಣ್ಣವೆಂದ. ಮಲಕಾಜಪ್ಪ ಅದನ್ನು ಬೆರಳಲ್ಲಿ ಉಜ್ಜಿ ಮೂಸಿದ. ವಿಭೂತಿ. ಅದರ ಕೆಳಗೆ ಬಾಡಿದ ಬಿಲ್ವಪತ್ರೆ.

“ನಿಲ್ಲಸ್ರಿ. ಚಪ್ಪಲಿ ಬಿಟ್ಟು ಮ್ಯಾಲ ಬರ್ರಿ ಎಲ್ಲಾರೂ.”

ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ. ಚೌಕ ಹೊಂಡದಲ್ಲಿ ಕೂರಿಸಿ, ವಿಭೂತಿ ಪತ್ರೆ ತುಂಬಿ ಮಣ್ಣು ಕೊಡುತ್ತಾರೆ. ಮಲಕಾಜಪ್ಪ ತನ್ನ ತಂದೆಗೆ ಹಾಗೇ ಕೊಟ್ಟಿದ್ದ. ಆದರೆ ಮಿಲಿಟರಿಯ ರನ್‌ವೇ ಕೆಳಗೆ ಯಾರಿಗೂ ತಿಳಿಯದಂತೆ ಕೂರಿಸಿದ್ದಾರೆಂದರೆ ಒಳಗಿರುವವರು ಹೇಗೆ ಸತ್ತರು? ಕಳವಿನ ಕೇಸು ಹೋಗಿ ಕೊಲೆಯ ಕೇಸು ಬಂತೆಂದು ಸಾಯಬಣ್ಣ ಗೊಣಗಿದ.

ತಾಲೂಕಿನ ಮ್ಯಾಜಿಸ್ಟ್ರೇಟರೂ ಆದ ಮಾಮಲೇದಾರರ ಅಪ್ಪಣೆ ತೆಗೆದುಕೊಂಡು ಬುಧವಾರ ಸರ್ಕಾರಿ ಡಾಕ್ಟರರ ಎದುರಿಗೆ ಹೆಣ ತೆಗೆದರು. ವಯಸ್ಸಾದ ಹೆಂಗಸು. ಎಡಗೈಯಲ್ಲಿ ಲಿಂಗ ಹಾಗೇ ಇತ್ತು. ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹಳೆಯ ಮೂಳೆಗಳು ಕಂಡವು. ಅದು ಗಂಡಸಿನದು, ಮಣ್ಣಾಗಿ ಬಹಳ ವರ್ಷವಾಗಿದೆ ಎಂದರು ಡಾಕ್ಟರು. ಸಂಜೆ ವರದಿ ಕೊಟ್ಟರು: ಹೆಂಗಸಿನ ಮೈಮೇಲೆ ಗಾಯವಿಲ್ಲ, ವಿಷದ ಲಕ್ಷಣವಿಲ್ಲ. ಕಾಯಿಲೆಯ ಸಾವು.

ಮಲಕಾಜಪ್ಪ ಮೂರು ದಿನದಲ್ಲಿ ಮೊದಲ ಸಲ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಹುಲೆಪ್ಪನನ್ನು ಹೊರಗೆ ಕರೆಸಿ ಚಹಾ ಕೊಡಿಸಿದ.

“ಹೊಂಡದಾಗ ಒಂದು ಮುದುಕಿ ಕೂತಿದ್ಲು. ಗೊತ್ತಿತ್ತೇನು?”

ಹುಲೆಪ್ಪ ಚಹಾದ ಬಸಿ ಕೆಳಗಿಟ್ಟ. “ಇಲ್ರಿ. ಆಣಿ ಮಾಡಿ ಹೇಳ್ತೀನಿ, ಗೊತ್ತಿದ್ದಿಲ್ಲ.”

“ಅಲ್ಲಿ ರೋಲರ್ ಬ್ಯಾಡ ಅಂದಾವ ಯಾರು?”

“ನಿಂಗಣ್ಣರೀ. ರಾತ್ರಿ ಪಾಳಿ ವಾಚ್‌ಮನ್. ತಂತಿ ಬೇಲಿ ಮಗ್ಗಲ ಗುಡಿಸಲದಾಗ ಇರ್ತಾನ. ತಲಿಮ್ಯಾಲಿನ ರುಮಾಲ ತಗದು ನನ್ನ ಕಾಲಾಗ ಇಟ್ಟ. ಯಾಕಂತ ಹೇಳ್ಲಿಲ್ಲ. ನಮ್ಮ ಮಂದಿ ಕಾಲಿಗೆ ಅಂಥಾ ರುಮಾಲ ಯಾವತ್ತೂ ಬಿದ್ದಿದ್ದಿಲ್ಲ ಸಾಹೇಬ್ರ. ಯಾರಿಗೂ ಹೇಳಂಗಿಲ್ಲ ಅಂತ ಮಾತು ಕೊಟ್ಟೆ.”

“ಅದಕ್ಕ ಜೇಲಿಗೆ ಹೊಂಟಿದ್ಯಾ, ಹುಚ್ಚಪ್ಯಾಲಿ?”

“ನಿಂಗಣ್ಣ ರಜಾ ಮ್ಯಾಲ ಹೋಗ್ಯಾನ್ರಿ. ನಾ ಇಲ್ಲಿರೋದು ತಿಳದ್ರ ತಾನ ಬರ್ತಿದ್ದ. ಇನ್ನೆರಡು ದಿನ ನೋಡಬೇಕಂತಿದ್ದೆ.”

ಅವತ್ತೇ ಸಂಜೆ ಹುಲೆಪ್ಪನನ್ನು ಬಿಟ್ಟರು. ಪಾಟಸ್ಕರ ಠಾಣೆಗೆ ಬಂದು ಏನೋ ಹೇಳಲು ತಡವರಿಸಿದ. ತುಳಜಾಬಾಯಿ ಅವನ ಕಡೆ ತಿರುಗಿಯೂ ನೋಡದೆ ಗಂಡನಿಗೆ ಹೇಳಿದಳು: “ನಡಿ. ಮೊದಲ ಆ ಒಲಿ ನೆಟ್ಟಗ ಮಾಡು.”

ನೆಲೆಯಲ್ಲಿ ವಿಚಾರಿಸಿದಾಗ ನಿಂಗಣ್ಣನ ಜೊತೆಯ ವಾಚ್‌ಮನ್ ತಿಳಿಸಿದ: ನಿಂಗಣ್ಣನ ತಾಯಿ ಗುರುಲಿಂಗಮ್ಮನಿಗೆ ಆರಾಮಿರಲಿಲ್ಲ, ಹೋದ ತಿಂಗಳೇ ದುಧನಿಯಲ್ಲಿರುವ ತಂಗಿಯ ಮನೆಗೆ ಕಳಿಸಿದ್ದಾನೆ, ಈಗ ನೋಡಲು ಹೋಗಿದ್ದಾನೆ. ಗುರುವಾರ ಫೌಜದಾರ, ಹವಾಲ್ದಾರ ಇಬ್ಬರೂ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ದುಧನಿಯಲ್ಲಿ ಇಳಿದರು. ನಿಂಗಣ್ಣನ ತಂಗಿ ಉಮಾಬಾಯಿ ಬಾಗಿಲಲ್ಲೇ ನಿಂತಳು.

“ಗುರುಲಿಂಗಮ್ಮ ಎಲ್ಲಿ?”

“ಅಕ್ಕಲಕೋಟಕ್ಕ ಹೋಗ್ಯಾಳ್ರಿ. ದರ್ಶನಕ್ಕ.”

“ಯಾವಾಗ ಬರ್ತಾಳ?”

ಉಮಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗಿನಿಂದ ಗಂಡಸಿನ ದನಿ ಬಂತು. “ಸುಳ್ಳು ಬ್ಯಾಡ ಉಮಾ. ಸಾಹೇಬ್ರಿಗೆ ನೀರು ಕೊಡು.”

ನಿಂಗಣ್ಣ ಹೊರಗೆ ಬಂದು ಎರಡೂ ಕೈ ಮುಂದೆ ಚಾಚಿದ. ಕಣ್ಣು ಗುಳಿ ಬಿದ್ದಿದ್ದವು. ಹುಲೆಪ್ಪ ಮೂರು ದಿನ ಕಸ್ಟಡಿಯಲ್ಲಿದ್ದನೆಂದು ಕೇಳಿ ಹೊಸ್ತಿಲ ಮೇಲೆಯೇ ಕೂತ. ಬಿಟ್ಟಿದ್ದಾರೆಂದು ಎರಡು ಸಲ ಹೇಳಿದ ಮೇಲೆಯೇ ಎದ್ದ. ಮಧ್ಯಾಹ್ನ ಒಂದೂವರೆಗೆ, ಸರ್ಕಾರಿ ಕಾಮಗಾರಿಗೆ ನುಕ್ಸಾನು ಮಾಡಿದ ಕಲಮಿನ ಕೆಳಗೆ, ಅವನನ್ನು ದಸ್ತಗಿರಿ ಮಾಡಿದರು.

ದುಧನಿ ಸ್ಟೇಶನ್ನಿನ ಕಲ್ಲು ಬೆಂಚಿನ ಮೇಲೆ ಗಾಡಿ ಕಾಯುತ್ತ ಅವನೇ ಹೇಳಿದ. ಯಾರೂ ಒತ್ತಾಯ ಮಾಡಲಿಲ್ಲ.

“ಆ ಹೊಲಾ ನಮ್ದರೀ. ಅಪ್ಪಗ ಅಲ್ಲೇ ಮಣ್ಣು ಕೊಟ್ಟಿದ್ವಿ. ಯುದ್ಧ ಬಂತು, ಹೊಲಾ ಹೋತು. ಅಪ್ಪನ ಗದ್ದುಗಿ ಮ್ಯಾಲ ಡಾಂಬರ ಬಿತ್ತು. ನನಗ ವಾಚ್‌ಮನ್ ನೌಕರಿ ಕೊಟ್ರು. ಅವ್ವ ದಿನಾ ಮುಂಜಾನೆ ಬೇಲಿ ಹಿಡದು ಆ ಕಡಿ ಕೈ ಮುಗೀತಿದ್ಲು. ಜವಾನರು ನಗ್ತಿದ್ರು, ಮುದುಕಿ ವಿಮಾನಕ್ಕ ನಮಸ್ಕಾರ ಮಾಡ್ತಾಳ ಅಂತ.”

“ಅಕಿ ಹೇಳಿದ್ಲೇನು, ಅಲ್ಲೇ ಇಡು ಅಂತ?”

“ಅಪ್ಪನ ಮಗ್ಗಲ ಕೂಡಸು ಅಂದಿದ್ಲು. ಆಗೂದಿಲ್ಲವಾ ಅಂತಿದ್ದೆ. ಅಕಿ ಜೀವಾ ಹೋದ ದಿನಾನ ದುರಸ್ತಿಗಂತ ಡಾಂಬರ ಕಿತ್ತು ಬಿಟ್ಟಿದ್ರು. ನಮ್ಮ ಎರಿಮಣ್ಣು ಕಂಡ್ತು ಸಾಹೇಬ್ರ. ಹದಿನೈದು ವರ್ಷಕ್ಕ ಕಂಡ್ತು. ಉಮಾ ಅಕಿನ್ನ ನೋಡಾಕ ಬಂದಿದ್ಲು. ರಾತ್ರಿ ನನ್ನ ಪಾಳಿಯಾಗ ಇಬ್ಬರೂ ಕೂಡಿ ಕೂಡಿಸಿದ್ವಿ. ಅಯ್ಯನೋರ್ನ ಕರೀಲಿಲ್ಲ. ಕರದಿದ್ರ ಊರಿಗೆಲ್ಲಾ ಗೊತ್ತಾಗ್ತಿತ್ತು.”

ಹೊಂಡ ಅಗೆದದ್ದು ತಿಳಿಯಿತು. ಒಂದು ಮಾತು ಮಾತ್ರ ಮಲಕಾಜಪ್ಪನಿಗೆ ಹೊಂದಲಿಲ್ಲ.

“ಹೊಂಡ ತುಂಬಿ ಗಟ್ಟಿ ಗುದ್ದಿದ್ರ ಯಾರಿಗೂ ತಿಳೀತಿದ್ದಿಲ್ಲ. ನೀ ಕಾಮಗಾರಿ ಮ್ಯಾಲ ಇದ್ದಾವ, ನಿನಗ ಗೊತ್ತಿಲ್ಲೇನು? ಸಡ್ಲ ಯಾಕ ಬಿಟ್ಟಿ?”

ನಿಂಗಣ್ಣ ಹಳಿಗಳನ್ನು ನೋಡಿದ.

“ದಮ್ಮಸು ಕೈಯಾಗ ಹಿಡದಿದ್ದೆ ಸಾಹೇಬ್ರ. ಕೂತಾಳ ಅಕಿ, ತಲಿ ಮ್ಯಾಲ ಅದ. ಅವ್ವನ ತಲಿಮ್ಯಾಲ ಹ್ಯಾಂಗ ಹೊಡೀಲಿ? ಕೈಲೇ ಮಣ್ಣು ದೂಡಿ ಬಂದೆ.”

ಸಾಯಬಣ್ಣ ಜೇಬಿನಿಂದ ತಂಬಾಕು ತೆಗೆದು ಅವನ ಮುಂದೆ ಹಿಡಿದ.

ಶುಕ್ರವಾರ ಮಾಮಲೇದಾರರು ಅಪ್ಪಣೆ ಬರೆದರು. ನೆಲೆಯ ಬೇಲಿಯ ಹೊರಗೆ ನಿಂಗಣ್ಣನ ಹಳೆಯ ಹೊಲದ ಒಂದು ತುಂಡು ಸರ್ಕಾರಕ್ಕೆ ಸೇರದೆ ಉಳಿದಿತ್ತು. ತಾಯಿಯನ್ನೂ ತಂದೆಯ ಮೂಳೆಗಳನ್ನೂ ಅಲ್ಲಿಗೆ ಒಯ್ಯಬೇಕು. ಕೇಸಿನ ಬಗ್ಗೆ ಅವರು ಫೌಜದಾರನಿಗೆ ಬಾಯಿಮಾತಲ್ಲಿ ಹೇಳಿದರು: ಗುನ್ಹೆ ಒಪ್ಪಿದರೆ ಆ ದಿನದ ಕೋರ್ಟು ಏಳುವವರೆಗೆ ಕೂರಿಸಿ, ಅಷ್ಟೇ ಶಿಕ್ಷೆ ಕೊಟ್ಟು ಬಿಡುತ್ತೇನೆ. ಅತ್ತ ಹುಲೆಪ್ಪನ ಗ್ಯಾಂಗು ಹೊಂಡವನ್ನು ತಳದಿಂದ ತುಂಬಿ, ಪದರಪದರಕ್ಕೆ ರೋಲರ್ ಓಡಿಸಿತು. ಜಾಗ ಕದಲಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕಲಕೋಟೆಯಿಂದ ಶಾಸ್ತ್ರ ಮಾಡಿಸುವ ಅಯ್ಯನವರು ಬಂದರು. ನಿಂಗಣ್ಣನ ಕೈಗೆ ಬೇಡಿ ಇರಲಿಲ್ಲ. ಮಲಕಾಜಪ್ಪ ಠಾಣೆಯಲ್ಲೇ ಬಿಚ್ಚಿಸಿ ತಂದಿದ್ದ. ಶಾಸ್ತ್ರವೆಲ್ಲ ಹಗಲು ಬೆಳಕಲ್ಲಿ, ಊರ ಮಂದಿಯ ಎದುರು, ಅವಸರವಿಲ್ಲದೆ ನಡೆಯಿತು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರು. ಮಂದಿ ಚದುರಿದ ಮೇಲೆ ನಿಂಗಣ್ಣ ಜಾಲಿ ಮರದ ನೆರಳಿಗೆ ಹೋಗಿ ಕೂತ, ಹಾಗೇ ಒರಗಿದ, ನಿದ್ದೆ ಹೋದ.

“ಆರೋಪಿ ಮಲಗ್ಯಾನ್ರಿ ಸಾಹೇಬ್ರ,” ಎಂದ ಸಾಯಬಣ್ಣ. “ಎಬ್ಬಸ್ಲೇನು?”

“ಮಲಗಲಿ ಬಿಡೋ. ಅವ್ವನ್ನ ಕೂಡಿಸಿದ ದಿನದಿಂದ ನೆಟ್ಟಗ ಕಣ್ಣು ಮುಚ್ಚಿಲ್ಲಂತ ತಂಗಿ ಹೇಳ್ಯಾಳ. ಕೋರ್ಟ್ ಎಲ್ಲಿಗೂ ಓಡಿ ಹೋಗಂಗಿಲ್ಲ.”

ಸ್ವಲ್ಪ ಹೊತ್ತಿಗೆ ಪುಣೆಯ ವಿಮಾನ ತಲೆಯ ಮೇಲಿನಿಂದ ಅಬ್ಬರಿಸಿಕೊಂಡು ಇಳಿಯಿತು. ಪಶ್ಚಿಮದ ತುದಿಯ ಮೇಲೆ ಗಾಲಿ ಉರುಳಿ ಹೋಯಿತು. ಬೇಲಿಯ ಆಚೆ ಹುಲೆಪ್ಪನ ಗ್ಯಾಂಗಿನವರು ಟೋಪಿ ರುಮಾಲು ಹಾರಿಸಿದರು. ಜಾಲಿಯ ಕೆಳಗೆ ನಿಂಗಣ್ಣ ಮಗ್ಗುಲು ಬದಲಿಸಿದ, ಎಚ್ಚರಾಗಲಿಲ್ಲ.