ಎಷ್ಟೇ ಮಳೆ ಬರಲಿ, ಓಡಿಹೋಗೋಣ

ಬಾಗಿಲು ತೆಗೆದವರು ಅಮ್ಮ. ಹೊರಗೆ ನಿಂತಿದ್ದವನು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದ ಒಬ್ಬ ಲಿಫ್ಟ್ ಮೆಕ್ಯಾನಿಕ್. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ.

"ನೀನೇನಾ ನನ್ನ ಮಗಳನ್ನ ಓಡಿಸ್ಕೊಂಡು ಹೋಗೋನು?"

ಹಿಂದೆ ಕೂತು ಶೂ ಲೇಸ್ ಕಟ್ಟುತ್ತಿದ್ದ ಮಗಳ ಕೈ ಅಲ್ಲೇ ನಿಂತಿತು.

ಪಾಪ, ಅಮ್ಮನದೇನೂ ತಪ್ಪಿಲ್ಲ. ಮಗಳ ಫೋನಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದೇ ಸಾಲು: 'ರೆಡಿಯಾಗಿರಿ. ಎಷ್ಟೇ ಮಳೆ ಬರಲಿ, ಓಡಿಹೋಗೋಣ.' ಹಾಫ್ ಮ್ಯಾರಥಾನ್ ತಯಾರಿ ಅಂತ ಅದರಲ್ಲಿ ಎಲ್ಲಿತ್ತು? ಮಗಳು ದೊಡ್ಡ ಗುಂಪಿನ ಜೊತೆ ಓಡುತ್ತಾಳೆಂದೇ ಅವರು ನಂಬಿದ್ದರು. ಮಳೆ ಹಿಡಿದ ಮೇಲೆ ಒಬ್ಬೊಬ್ಬರೇ ಜಾರಿಕೊಂಡು ಇವರಿಬ್ಬರೇ ಉಳಿದಿದ್ದನ್ನು ಆ ಕಳ್ಳಿ ಹೇಳಿರಲಿಲ್ಲ.

"ಇಲ್ಲಮ್ಮ, ಇಪ್ಪತ್ತೊಂದು ಕಿಲೋಮೀಟರ್ ಅಷ್ಟೇ," ಅವನು ತೊದಲಿದ. "ಆಮೇಲೆ ವಾಪಸ್ ತಂದು ಬಿಡ್ತೀನಿ."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವನು ಮುಂದುವರಿಸಿದ.

"ನಮ್ಮಿಬ್ಬರ ಮಧ್ಯೆ ಅಂಥದ್ದೇನೂ ಇಲ್ಲ. ದೇವರಾಣೆಗೂ ಇಲ್ಲ."

ಮಗಳು ಕಟ್ಟಿದ ಲೇಸನ್ನು ಬಿಚ್ಚತೊಡಗಿದಳು. 'ಆಣೆ ಬೇರೆ ಇಡಬೇಕಿತ್ತಾ...'

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮಳೆಯಲ್ಲಿ ಅವಳ ಕನ್ನಡಕವೇ ಮಂಜಾಗಿ ದಾರಿ ಕಾಣದಾಗ, "ಎಡಕ್ಕೆ ಗುಂಡಿ... ಮುಂದೆ ಕೆಸರು..." ಎಂದು ಪಕ್ಕದಿಂದ ಬರುತ್ತಿದ್ದ ದನಿಯನ್ನು ಅವಳು ಯಾವಾಗಲೋ ಮನಸ್ಸಿಗೆ ಹಚ್ಚಿಕೊಂಡಿದ್ದಳು. ಅವನಿಗೋ, ಏನೂ ಇಲ್ಲವಂತೆ.

ಆ ದಿನ ಅವಳು ಹೋಗಲಿಲ್ಲ. ಮರುದಿನ ನೆಗಡಿ ಎಂದಳು, ಅದರ ಮರುದಿನ ಅಂಗಡಿಯಲ್ಲಿ ಕೆಲಸ ಎಂದಳು. ಆಮೇಲೆ ಅವನ ಫೋನನ್ನೂ ಎತ್ತಲಿಲ್ಲ. ಓಟವೂ ಬೇಡ, ಅವನೂ ಬೇಡ ಎಂದು ಮುಸುಕೆಳೆದು ಮಲಗಿದಳು. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಅಮ್ಮನೇ ಹೊದಿಕೆ ಕಿತ್ತರು.

"ಎದ್ದೇಳೇ. ಆ ಹುಡುಗ ದಿನಾ ಬಸ್ ಸ್ಟಾಪ್‌ನಲ್ಲಿ ಬಂದು ನಿಲ್ತಾನೆ. ಸ್ವಲ್ಪ ಹೊತ್ತು ಈ ಕಡೆ ನೋಡಿ ಹೋಗ್ತಾನೆ. ನಂಗಂತೂ ನೋಡೋಕಾಗಲ್ಲ."

"ಅಂಥದ್ದೇನೂ ಇಲ್ವಂತಲ್ಲಮ್ಮ."

"ಅದನ್ನ ನನ್ನ ಹತ್ರ ಹೇಳಿದ. ನೀನು ಕೇಳಿದ್ಯಾ?"

ಹೊರಗೆ ಗಾಳಿ ಮರಗಳನ್ನು ಹಿಡಿದು ಜಗ್ಗುತ್ತಿತ್ತು. ಅವಳು ಕೊಡೆಯನ್ನೂ ತೆಗೆದುಕೊಳ್ಳದೆ ಬಸ್ ಸ್ಟಾಪಿನವರೆಗೆ ಒಂದೇ ಉಸಿರಿಗೆ ಓಡಿದಳು.

"ಅವತ್ತು ಅಂಥದ್ದೇನೂ ಇಲ್ಲ ಅಂದ್ರಲ್ಲ, ನಿಜಾನಾ?"

ಅವನು ತಲೆ ತಗ್ಗಿಸಿದ. "ನಿಮಗೇ ಹೇಳದೇ ಇರೋದನ್ನ ನಿಮ್ಮಮ್ಮನ ಹತ್ರ ಹೇಗೆ ಹೇಳಲಿ?"

"ಹಾಗಾದ್ರೆ ಈಗ ನಂಗೆ ಹೇಳಿ."

ಅವನು ಏನೋ ಅಂದ. ಅದನ್ನು ಗಾಳಿ ಹೊತ್ತುಕೊಂಡು ಹೋಯಿತು.

"ಕೇಳಿಸ್ಲಿಲ್ಲ..."

"ನೀವಂದ್ರೆ ನಂಗೆ ತುಂಬಾ ಇಷ್ಟ ಅಂದೆ!"

ಎದುರಿನ ರಸ್ತೆಯಲ್ಲಿ ಹೋಗುತ್ತಿದ್ದ ಪೇಪರ್ ಹಾಕುವವನು ಸೈಕಲ್ ನಿಲ್ಲಿಸಿ ನೋಡಿದ. ಅವಳ ಮುಖ ಕೆಂಪೇರಿತು. ಕಣ್ಣು ತುಂಬಿ ಬಂತು.

"ನಂಗೂ," ಎಂದಳು ಮೆಲ್ಲಗೆ.

"ಏನಂದ್ರಿ? ಗಾಳಿ ಜಾಸ್ತಿ..."

"ಕೇಳಿಸಿದೆ ನಿಮಗೆ. ನಾಟಕ ಬೇಡ."

ಅವನು ನಕ್ಕ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಕೈ ಹಿಡಿದ.

"ತುಂಬಾ ದಿನ ತಪ್ಪಿಸ್ಕೊಂಡಿದ್ದೀರಿ. ಓಡೋಣ್ವಾ?"

"ಇವತ್ತು ಬೇಡ, ನಡೆಯೋಣ," ಎಂದಳು ಅವಳು. "ಓಡಿದ್ರೆ ದಾರಿ ಬೇಗ ಮುಗಿದುಹೋಗುತ್ತೆ."